ಅಧಿಸೂಚನೆ ಹೋಯಿತು, ಕಾಯ್ದೆ ಉಳಿಯಿತು

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆ ಭೂಸ್ವಾಧೀನವನ್ನು ಕೈಬಿಡುವುದಾಗಿ ಮುಖ್ಯಮಂತ್ರಿ ಸಿದ್ದರಾಮಯ್ಯ 2025ರ ಜುಲೈ 15ರಂದು ಘೋಷಿಸಿದರು. ಮೂರು ವರ್ಷಕ್ಕೂ ಮೇಲೆ ಧರಣಿ ಕೂತ ರೈತರು ಗೆದ್ದರು. ಆಮೇಲೆ ಶುರುವಾಗಿದ್ದು ಹಳೆಯ ವರಸೆ: ಬೀದಿಯೇ ಸಾಕು, ವಿಧಾನಸೌಧದ ಸಹವಾಸ ಬೇಡ. ಈ ಮಾತು ಕೇಳಲು ಚೆಂದ, ಆದರೆ ರೈತರಿಗೆ ದುಬಾರಿ.

ಹೋದದ್ದು ಒಂದು ಅಧಿಸೂಚನೆ. ಅದನ್ನು ಹೆತ್ತ 1966ರ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆ ಹಾಗೇ ಇದೆ. ಖಾಸಗಿ ಕಂಪನಿಗಳಿಗೆ ಜಮೀನು ಬೇಕಿದ್ದರೆ ಶೇ 80ರಷ್ಟು ಮಂದಿಯ ಒಪ್ಪಿಗೆ ಬೇಕೆಂದು 2013ರ ಕೇಂದ್ರ ಕಾಯ್ದೆ ಹೇಳುತ್ತದೆ. ನಮ್ಮ ರಾಜ್ಯದ ಕಾಯ್ದೆಯ 28ನೇ ಕಲಮಿನಲ್ಲಿ ಒಪ್ಪಿಗೆಯ ಮಾತೇ ಇಲ್ಲ. ನೋಟಿಸ್ ಬರುತ್ತದೆ, ಆಕ್ಷೇಪಣೆ ಕೇಳುವ ಶಾಸ್ತ್ರ ಮುಗಿಯುತ್ತದೆ, ಅಂತಿಮ ಅಧಿಸೂಚನೆ ಹೊರಬೀಳುತ್ತದೆ. ನಾಳೆ ಇನ್ನೊಂದು ಹೋಬಳಿಯ ಜನ ಮತ್ತೆ ಮೊದಲಿನಿಂದ ಶಾಮಿಯಾನ ಹಾಕಬೇಕು.

ಕಾಗೋಡನ್ನು ನೆನೆಯೋಣ. 1951ರಲ್ಲಿ ಸಾಗರದ ಆ ಹಳ್ಳಿಯ ಗೇಣಿದಾರರು ಜಗಳಕ್ಕೆ ನಿಂತದ್ದು ಕೊಳಗದ ಮೇಲೆ. ಗೇಣಿ ಅಳೆಯುವಾಗ ಒಡೆಯರ ಕೊಳಗ ಯಾವಾಗಲೂ ದೊಡ್ಡದು! ಎಚ್. ಗಣಪತಿಯಪ್ಪ ಊರಲ್ಲಿ ಕಟ್ಟಿದ ಹೋರಾಟದ ಬಿಸಿಯಲ್ಲೇ ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು 1952ರಲ್ಲಿ ಶಾಸನಸಭೆ ಹೊಕ್ಕರು. ಹೊರಗೆ ಹಚ್ಚಿದ ಬೆಂಕಿಯನ್ನು ಒಳಗೂ ಉರಿಸಿದರು. ಅದರ ಫಲ ಕಾಣದೆಯೇ ಅವರು 1972ರಲ್ಲಿ ತೀರಿಕೊಂಡರು. ದೇವರಾಜ ಅರಸು ಸರ್ಕಾರದ ತಿದ್ದುಪಡಿಯಿಂದ ಗೇಣಿ ಪದ್ಧತಿ ರದ್ದಾದದ್ದು 1974ರ ಮಾರ್ಚ್ 1ರಂದು. ಗೇಣಿದಾರನ ಅರ್ಜಿಯಾದ ಫಾರಂ ನಂಬರ್ 7 ಹಿಡಿದು ಭೂ ನ್ಯಾಯಮಂಡಳಿಯ ಮುಂದೆ ನಿಂತವನಿಗೆ ಪಹಣಿ ಕೊಟ್ಟದ್ದು ಕಾನೂನು. ಧರಣಿಯೊಂದರಿಂದಲೇ ಅದು ಸಿಗುತ್ತಿರಲಿಲ್ಲ, ಧರಣಿಯಿಲ್ಲದೆಯೂ ಸಿಗುತ್ತಿರಲಿಲ್ಲ.

ಒಳಹೋದವರು ಕೆಡುತ್ತಾರೆ ಎನ್ನುವುದೂ ಸುಳ್ಳಲ್ಲ. ಚುನಾವಣೆಗಿಳಿದ ರೈತಸಂಘ ಹೋಳಾದದ್ದನ್ನು ನೋಡಿದವರಿಗೆ ಚುನಾವಣೆ ಎಂದರೆ ವಾಕರಿಕೆ ಬಂದರೆ ಆಶ್ಚರ್ಯವಿಲ್ಲ. ಆದರೆ ಹೊರಗೇ ಉಳಿದವರ ಕೈಗೆ ದಕ್ಕುವುದೇನು? ಮುಖ್ಯಮಂತ್ರಿಯ ಮಾತು. ಮುಖ್ಯಮಂತ್ರಿ ಬದಲಾಗುತ್ತಾರೆ. ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳುವುದಕ್ಕೆ ತಡೆಯಾಗಿದ್ದ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು 2020ರಲ್ಲಿ ಕಿತ್ತು ಹಾಕಿದಾಗ ಬೀದಿಯಲ್ಲಿ ರೈತರಿಗೆ ಬರವಿರಲಿಲ್ಲ, ಸದನದೊಳಗೆ ಇತ್ತು.

ಹಾಗಾಗಿ ಚನ್ನರಾಯಪಟ್ಟಣದ ಬೆಂಬಲಕ್ಕೆ ಬಂದ ಸಂಘಟನೆಗಳೆಲ್ಲ ಈಗ ಒಂದೇ ಬೇಡಿಕೆ ಹಿಡಿಯಲಿ: 28ನೇ ಕಲಮಿಗೆ ರೈತರ ಒಪ್ಪಿಗೆ ಸೇರಬೇಕು. ಮುಂದಿನ ಚುನಾವಣೆಯಲ್ಲಿ ಮತ ಕೇಳಲು ಬರುವವರ ಮುಂದೆ ಇದನ್ನೇ ಇಡಿ. ಒಪ್ಪದವರಿಗೆ ಮತ ಹಾಕಬೇಡಿ.