ಔಷಧ ಚೀಟಿಯಲ್ಲಿ ನಡಿಗೆಗೂ ಜಾಗವಿರಲಿ

ಬೆಳಗಾವಿಯ ನೆಹರು ನಗರದಲ್ಲಿ ಕೆಎಲ್‌ಇ ಸಂಸ್ಥೆಯ ದೊಡ್ಡಾಸ್ಪತ್ರೆ ಇದೆ. ಜಿಲ್ಲಾ ಕ್ರೀಡಾಂಗಣ ಇರುವುದೂ ಅದೇ ಬಡಾವಣೆಯಲ್ಲಿ. ಆಸ್ಪತ್ರೆ ಕಾಯಿಲೆಯವರಿಗೆ, ಮೈದಾನ ಪದಕ ಗೆಲ್ಲುವ ಹುಡುಗರಿಗೆ ಎಂದು ನಾವು ಹಂಚಿಬಿಟ್ಟಿದ್ದೇವೆ. ಮೆದುಳಿನ ಮಟ್ಟಿಗೆ ಈ ಹಂಚಿಕೆಯೇ ತಪ್ಪು.

ಅಮೆರಿಕದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ 120 ಹಿರಿಯರು ಭಾಗವಹಿಸಿದ್ದರು. ಅರ್ಧದಷ್ಟು ಜನ ವಾರಕ್ಕೆ ಮೂರು ದಿನ, ನಿಧಾನವಾಗಿ ಏರಿಸುತ್ತ 40 ನಿಮಿಷ ಬಿರುಸಾಗಿ ನಡೆದರು. ಉಳಿದವರು ಮೈ ಸಡಿಲಿಸುವ ವ್ಯಾಯಾಮವಷ್ಟೇ ಮಾಡಿದರು. ವರ್ಷದ ಬಳಿಕ, ನೆನಪನ್ನು ಕಾಯುವ ಹಿಪೊಕ್ಯಾಂಪಸ್ ಭಾಗ ನಡೆದವರಲ್ಲಿ ಸುಮಾರು ಶೇ 2ರಷ್ಟು ಹಿಗ್ಗಿತ್ತು, ಉಳಿದವರಲ್ಲಿ ಕುಗ್ಗಿತ್ತು. ವ್ಯಾಯಾಮದಿಂದ ಮೆದುಳಿಗೆ ರಕ್ತಸಂಚಾರ ಹೆಚ್ಚುತ್ತದೆ, ನರಕೋಶಗಳನ್ನು ಪೋಷಿಸುವ ಬಿಡಿಎನ್‌ಎಫ್ ಎಂಬ ಪ್ರೋಟೀನೂ ಹೆಚ್ಚುತ್ತದೆ.

ಹಾಗೆಂದು ನಡೆದವರಿಗೆಲ್ಲ ಮರೆಗುಳಿತನ ಬಾರದು ಎಂದಲ್ಲ. ಲ್ಯಾನ್ಸೆಟ್ ಆಯೋಗದ 2024ರ ವರದಿ, 14 ಅಪಾಯಗಳನ್ನು ನಿವಾರಿಸಿದರೆ ಜಗತ್ತಿನ ಸುಮಾರು ಶೇ 45ರಷ್ಟು ಡಿಮೆನ್ಷಿಯಾ ಪ್ರಕರಣಗಳನ್ನು ತಡೆಯಬಹುದು ಅಥವಾ ಮುಂದೂಡಬಹುದು ಎನ್ನುತ್ತದೆ. ಅದರಲ್ಲಿ ದೈಹಿಕ ಚಟುವಟಿಕೆಯ ಕೊರತೆಯ ಪಾಲು ಶೇ 2 ಮಾತ್ರ. ಆದರೆ ಅದೇ ಪಟ್ಟಿಯಲ್ಲಿರುವ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಬೊಜ್ಜು, ಖಿನ್ನತೆ, ಒಂಟಿತನಗಳಿಗೂ ನಡಿಗೆ ಮದ್ದಾಗಬಲ್ಲದು. ಅದರ ನಿಜವಾದ ಬೆಲೆ ಇರುವುದು ಇಲ್ಲಿ.

'ಖಾನಾಪುರದ ಗದ್ದೆಯಲ್ಲಿ ದಿನವಿಡೀ ಬಗ್ಗಿ ನಾಟಿ ಮಾಡುವವಳಿಗೆ ವ್ಯಾಯಾಮವೇಕೆ?' ಎಂದು ಕೇಳುವವರಿದ್ದಾರೆ. ನಾರ್ವೆಯಲ್ಲಿ ನಡೆದ ದೀರ್ಘಕಾಲದ ಅಧ್ಯಯನದ 2023ರ ವರದಿ ಎಚ್ಚರಿಸುವಂತಿದೆ: ವರ್ಷಗಟ್ಟಲೆ ಮೈಮುರಿದು ದುಡಿದವರಲ್ಲಿ ಡಿಮೆನ್ಷಿಯಾದ ಅಪಾಯ ಕಡಿಮೆ ಇರಲಿಲ್ಲ, ಹೆಚ್ಚೇ ಕಂಡಿತು. ಬಿಡುವಿಲ್ಲದ ದುಡಿಮೆಯನ್ನು ವ್ಯಾಯಾಮದ ಲೆಕ್ಕಕ್ಕೆ ಹಾಕಿ ಕೈತೊಳೆದುಕೊಳ್ಳುವಂತಿಲ್ಲ. ಅವಳಿಗೆ ಬೇಕಿರುವುದು ವಿಶ್ರಾಂತಿ, ಬಿಪಿ–ಶುಗರ್ ತಪಾಸಣೆ ಮತ್ತು ತನ್ನದೇ ಆದ ಒಂದಷ್ಟು ಹೊತ್ತು.

ನಿಮ್ಹಾನ್ಸ್ ಜೊತೆಗೂಡಿ ರಾಜ್ಯ ಸರ್ಕಾರ 2022ರಲ್ಲಿ ಮೆದುಳು ಆರೋಗ್ಯ ಉಪಕ್ರಮವನ್ನು ಆರಂಭಿಸಿತು. ಇಂಥ ಯೋಜನೆಯ ಕ್ಲಿನಿಕ್ಕಿಗೆ ಬಂದವರ ಚೀಟಿಯಲ್ಲಿ ಗುಳಿಗೆಯ ಜೊತೆಗೆ ನಡಿಗೆಯೂ ಇರಬೇಕು: ವಾರಕ್ಕೆಷ್ಟು ದಿನ, ಎಷ್ಟು ಹೊತ್ತು, ಯಾವ ವೇಗದಲ್ಲಿ ಎಂದು ಬರೆದೇ ಕೊಡಬೇಕು. ವಯಸ್ಕರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷಗಳ ಸಾಧಾರಣ ಚಟುವಟಿಕೆ.

ಚೀಟಿ ಬರೆದರಷ್ಟೇ ಸಾಲದು, ನಡೆಯಲು ಜಾಗವೂ ಬೇಕು. ಬೆಳಗಾವಿ, ಖಾನಾಪುರದಲ್ಲಿ ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೂ ಬಿಡುವುದಿಲ್ಲ. ಆ ತಿಂಗಳುಗಳಲ್ಲಿ ಸಮುದಾಯ ಭವನ, ಶಾಲೆಯ ಸಭಾಂಗಣಗಳನ್ನು ಬೆಳಗಿನ ಹೊತ್ತು ಹಿರಿಯರಿಗೆ ತೆರೆದಿಡುವುದು ದೊಡ್ಡ ಖರ್ಚಿನ ಮಾತಲ್ಲ. ಹಿರಿಯರಿಗಷ್ಟೇ ಅಲ್ಲ, ಮಕ್ಕಳಿಗೂ ಮೈದಾನ ಬೇಕು: ಎಸ್‌ಎಸ್‌ಎಲ್‌ಸಿ ಹೆಸರಿನಲ್ಲಿ ಪಿ.ಟಿ. ಪೀರಿಯಡ್ ಕಸಿದು ಗಣಿತಕ್ಕೆ ಕೊಡುವ ಚಾಳಿಯೂ ನಿಲ್ಲಬೇಕು. ವ್ಯಾಯಾಮದ ಮಾತು ಬಂದಾಗಲೆಲ್ಲ ಜನರ ಸೋಮಾರಿತನವನ್ನು ಬೈಯುವ ಆಡಳಿತ, ಮೊದಲು ಫುಟ್‌ಪಾತ್ ಮತ್ತು ಮೈದಾನದ ಲೆಕ್ಕ ಒಪ್ಪಿಸಲಿ.