ಶಿಬಿರ ಮುಗಿದ ಮೇಲೆ ಏನು?

ನಮ್ಮ ಮಠಗಳ ಜಾತ್ರೆ, ಪುಣ್ಯಸ್ಮರಣೆಗಳಲ್ಲಿ ಉಚಿತ ಆರೋಗ್ಯ ತಪಾಸಣಾ ಶಿಬಿರ ಈಗ ರೂಢಿಯಾಗಿದೆ. ಸಂತೋಷ. ನನ್ನ ತಕರಾರು ಶಿಬಿರದ ಮರುದಿನದ ಬಗ್ಗೆ. ಎಷ್ಟು ಜನರ ತಪಾಸಣೆಯಾಯಿತು ಎಂಬ ಲೆಕ್ಕ ವರದಿಯಲ್ಲಿ ಬರುತ್ತದೆ. ಅವರಲ್ಲಿ ಎಷ್ಟು ಮಂದಿ ಮತ್ತೆ ವೈದ್ಯರನ್ನು ಕಂಡರು ಎಂಬುದು ಬರುವುದಿಲ್ಲ.

ರಕ್ತದೊತ್ತಡ ಹೆಚ್ಚಿದ್ದರೂ ಬಹುತೇಕರಿಗೆ ಏನೂ ಅನ್ನಿಸುವುದಿಲ್ಲ. ಶಿಬಿರದಲ್ಲಿ ಕೊಟ್ಟ ಗುಳಿಗೆ ತೀರಿದರೆ ಕಾಯಿಲೆಯೂ ತೀರಿತು ಎಂದುಕೊಳ್ಳುತ್ತಾರೆ. ಕ್ಷಯದಲ್ಲಂತೂ ಇದು ಇನ್ನೂ ಅಪಾಯ. ಸಾಮಾನ್ಯವಾಗಿ ಚಿಕಿತ್ಸೆ 6 ತಿಂಗಳದ್ದು. ಆದರೆ ಕೆಲವೇ ವಾರಗಳಲ್ಲಿ ಕೆಮ್ಮು, ಜ್ವರ ಇಳಿಯುತ್ತವೆ, ರೋಗಿ ಗುಳಿಗೆ ಬಿಡುತ್ತಾನೆ, ಒಳಗೆ ಉಳಿದ ರೋಗಾಣು ಔಷಧಕ್ಕೆ ಬಗ್ಗದಂತಾಗಬಹುದು. ಅದಕ್ಕೇ ಸರ್ಕಾರ ಕ್ಷಯರೋಗಿಗಳನ್ನು ‘ನಿಕ್ಷಯ್’ನಲ್ಲಿ ದಾಖಲಿಸಿ ಚಿಕಿತ್ಸೆ ಮುಗಿಯುವವರೆಗೂ ಗಮನಿಸುವ ವ್ಯವಸ್ಥೆ ಮಾಡಿದೆ.

ನಾವು ಕಂಪ್ಯೂಟರ್ ತರಬೇಕಿಲ್ಲ. ಒಂದು ದಪ್ಪ ವಹಿ ಸಾಕು: ಹೆಸರು, ಫೋನ್ ನಂಬರು, ಮುಂದಿನ ತಾರೀಖು, ಬಂದರೋ ಇಲ್ಲವೋ. (ಮನೆಯ ಇನ್ನೊಬ್ಬರ ನಂಬರೂ ಇರಲಿ, ಹಳ್ಳಿಗಳಲ್ಲಿ ಸಿಮ್ ಬದಲಾಗುತ್ತಲೇ ಇರುತ್ತದೆ.) ವಹಿ ಯಾರ ಕೈಯಲ್ಲಿ ಎಂಬುದೇ ಮುಖ್ಯ. ಸಮಿತಿಗೆ ಒಪ್ಪಿಸಿದರೆ ಯಾರೂ ತೆರೆಯುವುದಿಲ್ಲ. ಒಬ್ಬರ ಹೆಸರೇ ಬೇಕು. ಬಾರದವರಿಗೆ ಅವರು ಪ್ರತಿ ಸೋಮವಾರ ಫೋನ್ ಮಾಡಲಿ, ಸಿಗದಿದ್ದರೆ ಮನೆಗೇ ಹೋಗಿ ವಿಚಾರಿಸಲಿ. ರೋಗದ ಹೆಸರು ಮಾತ್ರ ಊರ ಕಟ್ಟೆಯ ಮೇಲೆ ಬೀಳಬಾರದು. ದಾಸೋಹದ ಅಕ್ಕಿಗೆ ಸೇರು ಸೇರು ಲೆಕ್ಕ ಇಡುವ ನಮಗೆ ಇದು ಹೊರೆಯೇ? ಮುಂದಿನ ಶಿಬಿರದ ಕರಪತ್ರ ಅಚ್ಚಿಗೆ ಹೋಗುವ ಮೊದಲೇ ಆ ಒಬ್ಬರು ಯಾರೆಂದು ತೀರ್ಮಾನವಾಗಲಿ ಎಂದು ಪೂಜ್ಯರಲ್ಲೂ ಶರಣಬಂಧುಗಳಲ್ಲೂ ನನ್ನ ಕೋರಿಕೆ.