ಬಡಿಸುವ ಕೈಗೂ ಒಂದು ಪಾಠ

ಊಟಕ್ಕೆ ಕೂತವರನ್ನು ಒಂದೇ ಸಲದ ಬಡಿಕೆಗೆ ಏಳಗೊಡುವುದು ನಮ್ಮ ಕಡೆ ಮರ್ಯಾದೆಯಲ್ಲ. ‘ಇನ್ನೊಂದ್ ರೊಟ್ಟಿ ಹಾಕ್ಕೋರಿ, ಏನೂ ಆಗಂಗಿಲ್ಲ’ ಎಂಬ ಮಾತು ಕೊಪ್ಪಳದ ಮದುವೆ ಮನೆಯಲ್ಲೂ ಒಂದೇ, ಕುಷ್ಟಗಿಯ ಹೊಲದ ಬುತ್ತಿಯ ಮುಂದೆಯೂ ಒಂದೇ. ಆದರೆ ಕೆಲವರಿಗೆ ಆ ಇನ್ನೊಂದು ರೊಟ್ಟಿಯಿಂದ ನಿಜಕ್ಕೂ ಏನಾದರೂ ಆಗುತ್ತದೆ. ಎದೆ ಒತ್ತುತ್ತದೆ, ಹೊಟ್ಟೆ ತೊಳಸುತ್ತದೆ, ಉಂಡದ್ದೆಲ್ಲ ಹೊರಬರುತ್ತದೆ. ತೂಕ ಇಳಿಸುವ ಶಸ್ತ್ರಕ್ರಿಯೆ ಮಾಡಿಸಿಕೊಂಡು ಊರಿಗೆ ಮರಳಿದವರ ಕಥೆ ಇದು.

ಈ ಶಸ್ತ್ರಕ್ರಿಯೆ ತೀರ ಹೊಸದಲ್ಲ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್ 1966ರಲ್ಲಿ ಜಠರದ ಬಹುಭಾಗವನ್ನು ಬದಿಗಿರಿಸಿ ಆಹಾರಕ್ಕೆ ಅಡ್ಡದಾರಿ ಮಾಡುವ ‘ಬೈಪಾಸ್’ ವಿಧಾನವನ್ನು ಆರಂಭಿಸಿದರು. ಈಗ ಹೆಚ್ಚಾಗಿ ನಡೆಯುವ ‘ಸ್ಲೀವ್’ ವಿಧಾನದಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚನ್ನು ತೆಗೆದುಹಾಕಿ, ಬಾಳೆಹಣ್ಣಿನ ಆಕಾರದ ನಳಿಕೆಯನ್ನಷ್ಟೇ ಉಳಿಸುತ್ತಾರೆ. ಹಸಿವು ಹುಟ್ಟಿಸುವ ಗ್ರೆಲಿನ್ ಎಂಬ ರಸದೂತವೂ ಕಡಿಮೆಯಾಗುತ್ತದೆ. ಒಂದೆರಡು ವರ್ಷಗಳಲ್ಲಿ ಮೈತೂಕದ ಕಾಲು ಭಾಗದಷ್ಟು ಇಳಿಯುವುದು ಸಾಮಾನ್ಯ. ಅನೇಕರಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡ ಹತೋಟಿಗೆ ಬರುತ್ತವೆ.

ಇಲ್ಲೊಂದು ಗೊಂದಲ ಬಿಡಿಸಬೇಕು. 2022ರ ಮೇ ತಿಂಗಳಲ್ಲಿ ಕಿರುತೆರೆ ನಟಿ ಚೇತನಾ ರಾಜ್ ತಮ್ಮ 21ನೇ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಕ್ರಿಯೆಯ ಬಳಿಕ ತೀರಿಕೊಂಡರು. ಅದು ಮೈಮಾಟಕ್ಕಾಗಿ ಚರ್ಮದ ಕೆಳಗಿನ ಕೊಬ್ಬು ತೆಗೆಯುವ ಚಿಕಿತ್ಸೆ. ನಾವು ಹೇಳುತ್ತಿರುವುದು ತೀವ್ರ ಬೊಜ್ಜೆಂಬ ಕಾಯಿಲೆಗೆ ಜಠರದ ಮೇಲೆ ಮಾಡುವ ಚಿಕಿತ್ಸೆ. ಎರಡೂ ಬೇರೆ, ಎರಡರಲ್ಲೂ ಅಪಾಯವುಂಟು. ‘ಸ್ವಲ್ಪ ದಪ್ಪಗಿದ್ದೇನೆ’ ಎಂದು ಕನ್ನಡಿಯ ಮುಂದೆ ಕೊರಗುವ ಕಾಲೇಜು ಹುಡುಗ ಹುಡುಗಿಯರಿಗೆ ಎರಡೂ ಅಡ್ಡದಾರಿಯಾಗಬಾರದು.

ಶಸ್ತ್ರಕ್ರಿಯೆಗೆ ಕೆಲವು ತಾಸು ಸಾಕು. ಅದರ ನಂತರದ್ದು ಬಾಳಿನುದ್ದದ ಕೆಲಸ. ಮೊದಲ ಒಂದೆರಡು ವಾರ ತೆಳು ಮಜ್ಜಿಗೆ, ಬೇಳೆಕಟ್ಟಿನಂಥ ದ್ರವವೇ ಊಟ. ಮುಂದೆ ನುಣ್ಣಗೆ ಅರೆದದ್ದು, ಆಮೇಲೆ ಮೆತ್ತನೆಯದು. ಮಾಮೂಲು ಊಟಕ್ಕೆ ಬರಲು ಸುಮಾರು ಎರಡು ತಿಂಗಳು ಬೇಕು. ಆಗಲೂ ತಾಟಿನಲ್ಲಿ ಒಂದು ಸಣ್ಣ ಬಟ್ಟಲಿನಷ್ಟೇ. ಪ್ರತಿ ತುತ್ತನ್ನೂ ನುಣ್ಣಗಾಗುವ ತನಕ ಅಗಿಯಬೇಕು. ಊಟದ ಜೊತೆ ನೀರು ಕುಡಿಯಬಾರದು. ಅರ್ಧ ತಾಸು ಬಿಟ್ಟು ಗುಟುಕು ಗುಟುಕಾಗಿ ಕುಡಿಯಬೇಕು.

ಗಂಗಾವತಿ ಭತ್ತದ ನಾಡು, ಕುಷ್ಟಗಿ ಯಲಬುರ್ಗಾ ಜೋಳದ ನಾಡು. ಇಲ್ಲಿ ತಾಟು ತುಂಬುವುದು ಅನ್ನ, ಇಲ್ಲವೆ ರೊಟ್ಟಿ. ಕಾಳು ಬೇಳೆ ಪಕ್ಕಕ್ಕೆ. ಶಸ್ತ್ರಕ್ರಿಯೆಯ ನಂತರ ಈ ಲೆಕ್ಕ ತಿರುಗಬೇಕು. ದಿನಕ್ಕೆ 60 ಗ್ರಾಮಿಗೆ ಕಡಿಮೆಯಿಲ್ಲದಂತೆ ಪ್ರೋಟೀನ್ ಬೇಕು. ಒಂದು ಮೊಟ್ಟೆಯಲ್ಲಿ ಸಿಗುವುದು ಸುಮಾರು 6 ಗ್ರಾಂ ಮಾತ್ರ. ಹಾಗಾಗಿ ಮೊದಲು ಹೆಸರುಕಾಳು, ಬೇಳೆ, ಮೊಸರು, ಮೊಟ್ಟೆ. ಜಾಗ ಉಳಿದರೆ ಮೆತ್ತನೆಯ ರೊಟ್ಟಿ. ಕಟಕ ರೊಟ್ಟಿ ಬಹಳ ದಿನ ದೂರವೇ ಇರಲಿ. ಗವಿಮಠದ ಜಾತ್ರೆಯ ಮಹಾದಾಸೋಹದಲ್ಲಿ ಮಾದಲಿಯನ್ನು ಪ್ರಸಾದವೆಂದು ಚಿಟಿಕೆ ಬಾಯಿಗಿಟ್ಟು ಕೈಮುಗಿದರೆ ಸಾಕು. ಸಿಹಿ ಹೆಚ್ಚಾದರೆ, ಅದರಲ್ಲೂ ಬೈಪಾಸ್ ಆದವರಿಗೆ, ಆಹಾರ ಸರ್ರನೆ ಕರುಳಿಗಿಳಿದು ಬೆವರು, ಎದೆಬಡಿತ, ತಲೆಸುತ್ತು, ಭೇದಿ ಕಾಣಿಸಿಕೊಳ್ಳಬಹುದು.

ನಿಜವಾದ ಅಪಾಯ ಇರುವುದು ‘ಆರಾಮಾಗೈತಿ’ ಎಂದು ಮಾತ್ರೆ ಬಿಡುವುದರಲ್ಲಿ. ಬಿ12, ಕಬ್ಬಿಣ, ಕ್ಯಾಲ್ಸಿಯಂ, ಡಿ ಜೀವಸತ್ವ ಇವು ಜೀವನಪರ್ಯಂತ ಬೇಕು. ಬಿ12 ಕೊರತೆಯಾದರೆ ಕೈಕಾಲು ಜೋಮು ಹಿಡಿಯುತ್ತದೆ, ನೆನಪು ಮಂಕಾಗುತ್ತದೆ, ನರಗಳಿಗೆ ಸರಿಪಡಿಸಲಾಗದ ಪೆಟ್ಟು ಬೀಳಬಹುದು. ಸಸ್ಯಾಹಾರಿಗಳು ಇನ್ನಷ್ಟು ಎಚ್ಚರವಾಗಿರಬೇಕು. ವಾಂತಿ ನಿಲ್ಲದಿದ್ದರೆ ಮನೆಮದ್ದು ಮಾಡುತ್ತ ಕೂಡದೆ ಆಸ್ಪತ್ರೆಗೆ ಹೋಗಬೇಕು. ಮೊಣಕಾಲು ನೋವೆಂದು ಅಂಗಡಿಯಿಂದ ನೋವಿನ ಗುಳಿಗೆ ತಂದು ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾದೀತು. ಹೆಣ್ಣುಮಕ್ಕಳು ಒಂದರಿಂದ ಒಂದೂವರೆ ವರ್ಷ ಗರ್ಭಧಾರಣೆಯನ್ನು ಮುಂದೂಡುವುದು ಕ್ಷೇಮ. ಮೊದಲ ತಿಂಗಳುಗಳಲ್ಲಿ ಕೂದಲು ಉದುರುತ್ತದೆ. ಪೋಷಣೆ ಸರಿಯಿದ್ದರೆ ಬಹುಪಾಲು ಮತ್ತೆ ಬರುತ್ತದೆ.

ಇನ್ನು ಮನಸ್ಸಿನ ಮಾತು. ದಪ್ಪಗಿದ್ದಾಗ ಅಡ್ಡಹೆಸರಿಟ್ಟು ಕರೆದ ಜನವೇ ಈಗ ‘ಯಾಕ್ರೀ, ಭಾಳ ಸೊರಗೀರಿ, ಏನ್ ಜಡ್ಡಾಗೈತಿ?’ ಎಂದು ಕೇಳುತ್ತಾರೆ. ಜೋತುಬಿದ್ದ ಚರ್ಮದ ಮುಜುಗರ ಬೇರೆ. ಹಸಿವು ಕಡಿಮೆಯಾದರೂ ಬೇಸರ ಬಂದಾಗ ಬಾಯಾಡಿಸುವ ಚಟ ಹೋಗಿರುವುದಿಲ್ಲ. ಅದನ್ನು ಯಾವ ಕತ್ತರಿಯೂ ಕತ್ತರಿಸಲಾರದು. ಮಿರ್ಚಿ ಮಂಡಕ್ಕಿ, ತಂಪುಪಾನೀಯ ಮೆಲ್ಲಗೆ ಮರಳಿ ಬಂದರೆ ಎರಡು ಮೂರು ವರ್ಷದಲ್ಲಿ ತೂಕವೂ ಮರಳುತ್ತದೆ.

ವಿದ್ಯಾರ್ಥಿಗಳೇ, ನಿಮ್ಮ ಮನೆಯಲ್ಲಿ ಅಪ್ಪ, ಅವ್ವ, ಚಿಗವ್ವ ಯಾರಾದರೂ ಇಂಥ ಶಸ್ತ್ರಕ್ರಿಯೆ ಮಾಡಿಸಿಕೊಂಡಿದ್ದರೆ ನಿಮಗೊಂದು ಕೆಲಸವಿದೆ. ಮಾತ್ರೆಯ ಹೊತ್ತು, ರಕ್ತಪರೀಕ್ಷೆಯ ತಾರೀಕು ಬರೆದಿಡುವ ವಹಿ ನಿಮ್ಮದಾಗಲಿ. ದೊಡ್ಡ ಊರಿನ ವೈದ್ಯರ ಬಳಿ ಪ್ರತಿ ಸಲ ಓಡಲಾಗದಿದ್ದರೂ, ರಕ್ತಪರೀಕ್ಷೆಯನ್ನು ಹತ್ತಿರದಲ್ಲೇ ಮಾಡಿಸಿ ವರದಿಯನ್ನು ಅವರಿಗೆ ತಲುಪಿಸಬಹುದು. ಸಂಜೆ ಅವರ ಜೊತೆ ಅರ್ಧ ತಾಸು ನಡೆಯಿರಿ. ಪಾಲಕರೇ, ಮನೆಯಲ್ಲಿ ಒಬ್ಬರಿಗೆ ಬೇರೆ ಅಡುಗೆ ಮಾಡಿ ಅವರನ್ನು ಒಂಟಿಯಾಗಿಸುವ ಬದಲು, ಕಾಳು ಪಲ್ಲೆ ಹೆಚ್ಚಿನ, ಎಣ್ಣೆ ಸಕ್ಕರೆ ಕಡಿಮೆಯ ಆ ಊಟವನ್ನೇ ಎಲ್ಲರೂ ಉಣ್ಣಿ. ಬೆಳೆಯುವ ಮಕ್ಕಳಿಗೂ ಅದರಿಂದ ಲಾಭವೇ.

ಮದುವೆ ಪಂಕ್ತಿಯಲ್ಲಿ ಯಾರಾದರೂ ತಾಟಿನ ಮೇಲೆ ಕೈ ಅಡ್ಡ ಹಿಡಿದು ‘ಸಾಕ್ರೀ’ ಎಂದರೆ, ಕಾರಣ ಕೇಳದೆ ಮುಂದಿನವರಿಗೆ ಬಡಿಸಿ. ಅದೂ ಒಂದು ಉಪಚಾರವೇ.